ವಾರಕ್ಕೊಂದು ಮಾಸ್ಕ್

ಮೊದಲ ಏಟು ಬಿದ್ದದ್ದು ಬಾಗಿಲಿಗೆ. ಗಾಜು ಒಡೆದು, ಚೂರುಗಳು ನೆಲದ ಮೇಲೆ ಜಾರಿಕೊಂಡು ನನ್ನ ಕಾಲಿನವರೆಗೂ ಬಂದವು. ಎರಡನೇ ಏಟು ನನ್ನ ಬೆನ್ನಿಗೆ ಬಿತ್ತು. ಅದರ ನಂತರದವನ್ನು ನಾನು ಎಣಿಸಲಿಲ್ಲ.

ನನ್ನ ಕಾಯಿಲೆ ಶುರುವಾದದ್ದು ಆ ಮಧ್ಯಾಹ್ನ ಎಂದರೆ ಡಾಕ್ಟರುಗಳು ಒಪ್ಪುವುದಿಲ್ಲ. ವೈರಸ್ಸು ಯಾವತ್ತು ಒಳಗೆ ಹೋಯಿತು ಎಂದು ಯಾರೂ ಹೇಳಲಾರರು, ಅದು ನಿಮಗೂ ಗೊತ್ತಲ್ಲ ಸಿಸ್ಟರ್ ಅನ್ನುತ್ತಾರೆ. ಗೊತ್ತು. ಆದರೂ ನನ್ನ ಮಟ್ಟಿಗೆ ಅದು ಆ ಮಧ್ಯಾಹ್ನವೇ.

ನನ್ನ ಹೆಸರು ಮಂಗಳಾ. ನರ್ಸು. ಹುಟ್ಟಿ ಬೆಳೆದದ್ದು ಮೂಗೂರು, ಕೊಟ್ಟದ್ದು ಹೆಮ್ಮರಗಾಲಕ್ಕೆ. ಗಂಡ ಮಹೇಶ ಲಗೇಜ್ ಆಟೋ ಓಡಿಸುತ್ತಾರೆ. ಮದುವೆಯಾದ ಮೇಲೆ ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿ, ಅಲ್ಲಿಯೇ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಕೊಂಡೆ. ಅದರ ಹೆಸರು ಇಲ್ಲಿ ಬೇಡ. ಹೆರಿಗೆ, ಅಪೆಂಡಿಕ್ಸು, ಹಾವು ಕಡಿತ ನೋಡಿಕೊಂಡಿದ್ದ ಆ ಆಸ್ಪತ್ರೆಯ ಮಹಡಿಯನ್ನು ಕೊರೊನಾದ ಎರಡನೇ ಅಲೆಯಲ್ಲಿ ಒಂದೇ ವಾರದಲ್ಲಿ ಕೋವಿಡ್ ವಾರ್ಡ್ ಮಾಡಿದರು. ಮಂಚಗಳು ಬಂದವು, ಸಿಲಿಂಡರುಗಳು ಬಂದವು, ರೋಗಿಗಳಂತೂ ಮೆಟ್ಟಿಲ ಮೇಲೂ ಬಂದು ಕೂತರು. ನಮ್ಮ ಮೈಮೇಲೆ ಹಾಕಿಕೊಳ್ಳಲು ಬರಬೇಕಾದದ್ದು ಮಾತ್ರ ಬರಲಿಲ್ಲ.

ಪಿಪಿಇ ಕಿಟ್ ಬದಲಿಗೆ ಬಜಾರಿನಿಂದ ನೀಲಿ ರೇನ್‌ಕೋಟು ತಂದುಕೊಟ್ಟರು. ಆ ಬೇಸಿಗೆಯಲ್ಲಿ ಅದನ್ನು ತೊಟ್ಟು ನಿಂತರೆ ಬೆವರು ಕಾಲುದ್ದಕ್ಕೂ ಇಳಿದು ಚಪ್ಪಲಿಯಲ್ಲಿ ಪಿಚಪಿಚ ಅನ್ನುತ್ತಿತ್ತು. ಎನ್-95 ಮಾಸ್ಕು ಒಬ್ಬೊಬ್ಬರಿಗೆ ವಾರಕ್ಕೊಂದು. ಡ್ಯೂಟಿ ಮುಗಿದ ಮೇಲೆ ಅದನ್ನು ಹೆಸರು ಬರೆದ ಕಾಗದದ ಕವರಿಗೆ ಹಾಕಿ, ತಾರಸಿಯ ತಂತಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ ಬಿಸಿಲಿಗೆ ಬಿಡುತ್ತಿದ್ದೆವು. ನಾಲ್ಕನೇ ದಿನಕ್ಕೆ ಒಳಗೆಲ್ಲ ನಮ್ಮದೇ ಉಸಿರಿನ ಹುಳಿ ವಾಸನೆ. ಐದನೇ ದಿನಕ್ಕೆ ಎಲಾಸ್ಟಿಕ್ ಸಡಿಲ. ಸ್ಟೇಪ್ಲರ್ ಪಿನ್ನು ಹೊಡೆದು ಬಿಗಿ ಮಾಡಿಕೊಂಡು ಉಳಿದ ದಿನ ತಳ್ಳುತ್ತಿದ್ದೆವು.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಪುಟ್ಟತಾಯಮ್ಮ, ಸೋಸಲೆಯವರು. ಐವತ್ತು ದಾಟಿದ, ಕುಳ್ಳಗಿನ ಗಟ್ಟಿ ಹೆಂಗಸು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಕಫ ತೆಗೆಯುವುದು, ಗಂಟಲಿಗೆ ಟ್ಯೂಬು ಹಾಕುವಾಗ ಎದುರಿಗೆ ನಿಲ್ಲುವುದು, ಹೀಗೆ ರೋಗಿಯ ಉಸಿರು ನೇರ ಮುಖಕ್ಕೆ ಬಡಿಯುವ ಕೆಲಸವನ್ನೆಲ್ಲ ಅವರೇ ಮಾಡುತ್ತಿದ್ದರು. ನಾವು ಮುಂದೆ ಹೋದರೆ ಮೊಣಕೈಯಿಂದ ಆಚೆ ತಳ್ಳಿ, "ಮಕ್ಳು ಮರಿ ಇರೋರು ಆಚ್ಗೆ ನಿಂತ್ಕಳಿ. ನಂಗ್ಯಾರವ್ರೆ?" ಅನ್ನುತ್ತಿದ್ದರು. ಅಕ್ಕನಿಗೆ ಮದುವೆಯಾಗಿರಲಿಲ್ಲ.

ಸ್ಟೋರ್ ರೂಮಿನ ಬೀಗದ ಕೈ ಇರುತ್ತಿದ್ದುದು ಮ್ಯಾನೇಜರ್ ಹತ್ತಿರ. ಅಕ್ಕ ದಿನಾ ಬೆಳಿಗ್ಗೆ ಹೋಗಿ ಅವರ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ನಾನೂ ಜೊತೆಗಿದ್ದೆ.

"ಸಾ, ನಮ್ ಉಡ್ಗೀರ್ಗೆ ಮಾಸ್ಕ್ ಕೊಡಿ."

"ಸ್ಟಾಕ್ ಇಲ್ಲ ಸಿಸ್ಟರ್. ಮೈಸೂರಿಂದ ಬರ್ಬೇಕು."

"ನಿಮ್ ಮೂತಿ ಮ್ಯಾಲೆ ದಿನಾ ಒಸಾದೇ ಇರ್ತದಲ್ಲ ಸಾ, ಅದೆಲ್ಲಿಂದ ಬತ್ತದೆ?"

ಮ್ಯಾನೇಜರ್ ತಲೆ ಎತ್ತಲಿಲ್ಲ. "ಕಷ್ಟ ಅನ್ನೋರು ಕೆಲ್ಸ ಬಿಡ್ಬೋದು. ಕೈ ಹಿಡ್ಕೊಂಡಿಲ್ಲ ಯಾರೂ" ಎಂದರು. ಅದಕ್ಕೆ ಮೊದಲೇ ಇಬ್ಬರು ಬಿಟ್ಟು ಹೋಗಿದ್ದರು. ಉಳಿದ ಐವರಿಗೆ ಏಳು ಜನರ ಕೆಲಸ.

ಗುರುಮಲ್ಲಪ್ಪ ಎಂಬವರು ದಾಖಲಾಗಿದ್ದರು. ಮೂಗೂರಿನವರು, ನಮ್ಮ ತವರಿನಿಂದ ಎರಡು ಬೀದಿ ಆಚೆ. ಮಾಸ್ಕಿನ ಮೇಲಿನ ನನ್ನ ಕಣ್ಣು ನೋಡಿಯೇ ಗುರುತು ಹಿಡಿದು, "ನೀನು ಪುಟ್ಟಸ್ವಾಮಿ ಮಗ್ಳಲ್ವಾ? ನಮ್ಮೂರ್ ಉಡ್ಗಿ ಅವ್ಳೆ ಅಂದ್ಮೇಲೆ ನಂಗೇನೂ ಆಗಲ್ಲ ಬುಡು" ಎಂದಿದ್ದರು. ಅವರ ತಮ್ಮ ನಂಜುಂಡ ಕೆಳಗೆ ಕಾಂಪೌಂಡಿನ ಹೊಂಗೆ ಮರದಡಿ ಟವೆಲ್ ಹಾಸಿಕೊಂಡು ಕೂತಿರುತ್ತಿದ್ದ. ರೋಗಿಗಳ ಕಡೆಯವರನ್ನು ಆಸ್ಪತ್ರೆಯವರು ಮೇಲಕ್ಕೆ ಬಿಡುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಬರಬೇಕಾಗಿದ್ದ ಸಿಲಿಂಡರ್ ಗಾಡಿ ಬರಲಿಲ್ಲ. ಹತ್ತು ಗಂಟೆಗೆ ಬರುತ್ತದೆ ಎಂದರು, ಹನ್ನೆರಡಕ್ಕೆ ಎಂದರು. ಮೀಟರಿನ ಮುಳ್ಳು ಕೆಂಪಿಗೆ ಇಳಿಯುತ್ತಿತ್ತು. ಒಬ್ಬರಿಗೆ ಎರಡು ಲೀಟರ್ ಕಡಿಮೆ ಮಾಡಿ ಇನ್ನೊಬ್ಬರಿಗೆ ಕೊಡುವುದು, ಅವರು ಒದ್ದಾಡಿದರೆ ಮತ್ತೆ ಇವರಿಂದ ಕಿತ್ತು ಅವರಿಗೆ ಕೊಡುವುದು. ಗಾಳಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ನನ್ನ ಕೈಯಲ್ಲೇ ಇತ್ತು. ಎರಡು ಗಂಟೆಯ ಹೊತ್ತಿಗೆ ಗುರುಮಲ್ಲಪ್ಪ ಮಂಚದ ಕಂಬಿಗೆ ಕಾಲಿನಿಂದ ಒದೆಯತೊಡಗಿದರು. ಮೀನನ್ನು ದಡಕ್ಕೆ ಎಸೆದರೆ ಹೇಗೋ ಹಾಗೆ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದರು. ಹಾಸಿಗೆ ಹರಿದರು. ನನ್ನ ಮುಂಗೈಯನ್ನು ಹಿಡಿದ ಅವರ ಉಗುರು ರೇನ್‌ಕೋಟಿನ ತೋಳನ್ನು ತೂತು ಮಾಡಿಕೊಂಡು ಚರ್ಮಕ್ಕೆ ಇಳಿಯಿತು. ಆ ಹಿಡಿತ ಬಿಟ್ಟಾಗಲೇ ನನಗೆ ಗೊತ್ತಾಯಿತು.

ಕೆಳಗೆ ಸುದ್ದಿ ಹೇಳಿದವರು ಯಾರೋ, ಹೇಗೆ ಹೇಳಿದರೋ. ಮೆಟ್ಟಿಲ ಮೇಲೆ ಕಾಲುಗಳ ಸದ್ದು ಕೇಳಿತು. ಆಮೇಲೆ ಗಾಜು ಒಡೆಯಿತು.

ಆರೇಳು ಗಂಡಸರು ಇದ್ದಿರಬೇಕು. ಮುಂದೆ ನಂಜುಂಡ. ಡ್ರಿಪ್ ಸ್ಟ್ಯಾಂಡನ್ನು ಬಾಟಲಿ ಸಮೇತ ಕಿತ್ತುಕೊಂಡಿದ್ದ. "ಆಕ್ಸಿಜನ್ ಬಚ್ಚಿಟ್ಕಂಡು ಸಾಯಿಸ್ಬುಟ್ರಲ್ರೋ!" ಎಂದು ಕೂಗುತ್ತಾ ಬೀಸಿದ. ಬೆನ್ನಿಗೆ ಬಿತ್ತು. ನಾನು ಮಂಚದ ಮೇಲೆ, ಗುರುಮಲ್ಲಪ್ಪನವರ ಹೆಣದ ಮೇಲೆಯೇ ಕವುಚಿ ಬಿದ್ದೆ. ಯಾರೋ ಜಡೆ ಹಿಡಿದು ಎಳೆದರು. ನೆಲದ ಮೇಲೆ ಗಾಜಿನ ಚೂರು, ನನ್ನ ಮಂಡಿ ಅದರ ಮೇಲೆ. ಹೊಟ್ಟೆಗೆ ಒಂದು ಒದೆ, ಪಕ್ಕೆಗೆ ಒಂದು. ರೇನ್‌ಕೋಟು ಚರ್ ಎಂದು ಹರಿದ ಸದ್ದು ಏಟಿಗಿಂತ ಹೆಚ್ಚು ಹೆದರಿಸಿತು. ಡಾಕ್ಟರು ತಮ್ಮ ಕೋಣೆಯ ಚಿಲಕ ಹಾಕಿಕೊಂಡದ್ದು ನೆಲದ ಮೇಲಿದ್ದ ನನಗೂ ಕೇಳಿಸಿತು.

ಅಕ್ಕ ಎಲ್ಲಿಂದಲೋ ಓಡಿಬಂದು ನನ್ನ ಮೇಲೆ ಬಗ್ಗಿ ಕೈ ಅಡ್ಡ ಹಿಡಿದರು. "ಬುಡ್ರೋ! ಇನ್ನೂ ಒಂಬತ್ತ್ ಜನ ಉಸ್ರಾಡ್ತಾ ಅವ್ರೆ ಇಲ್ಲಿ, ಅವ್ರನ್ನೂ ಕೊಲ್ತೀರೇನ್ರೋ!" ಸ್ಟ್ಯಾಂಡು ಅವರ ಮುಂಗೈ ಮೇಲೆ ಬಿತ್ತು. ಒಣಕಲು ಕಡ್ಡಿ ಮುರಿದಂತೆ ಲಟ್ ಎಂದಿತು.

ನಂಜುಂಡ ನನ್ನ ಮುಖದ ಹತ್ತಿರ ಕೂತ. ಅವನಿಗೆ ಮಾಸ್ಕ್ ಇರಲಿಲ್ಲ. ಅವನ ಕಣ್ಣು, ಮೂಗು, ಬಾಯಿ ಎಲ್ಲದರಿಂದಲೂ ನೀರು ಸುರಿಯುತ್ತಿತ್ತು. ನನ್ನ ಮಾಸ್ಕಿಗೆ ಕೈ ಹಾಕಿ ಎಳೆದ. ಸ್ಟೇಪ್ಲರ್ ಪಿನ್ನು ಕಿವಿಯ ಹಿಂದೆ ಕೊಯ್ದುಕೊಂಡು ಬಂತು.

"ನಮ್ಮಣ್ಣ ಕುಡ್ದ ಗಾಳೀನೇ ನೀನೂ ಕುಡಿ!" ಎಂದು ನನ್ನ ದವಡೆ ಹಿಡಿದು ಬಾಯಿ ತೆರೆಸಿದ. ಅವನ ಉಸಿರು ನನ್ನ ಬಾಯೊಳಗೆ ಬಿತ್ತು. ಬಿಸಿಯಾಗಿತ್ತು.

ಹೊರಗೆ ಸಿಲಿಂಡರ್ ಗಾಡಿಯ ಹಾರನ್ನು ಕೇಳಿಸಿದ್ದು ಆಗಲೇ.

ಅವರೆಲ್ಲ ಕೆಳಗೆ ಓಡಿದರು, ಗಾಡಿಯವನನ್ನು ಹೊಡೆಯುವುದಕ್ಕೋ ಹೆಣ ತೆಗೆದುಕೊಂಡು ಹೋಗುವ ಏರ್ಪಾಡಿಗೋ ತಿಳಿಯದು. ವಾರ್ಡಿನಲ್ಲಿ ಉಳಿದ ರೋಗಿಗಳು ಕಣ್ಣು ಬಿಟ್ಟುಕೊಂಡು ನಮ್ಮನ್ನು ನೋಡುತ್ತಿದ್ದರು. ಅವರಿಗೆ ಸಿಲಿಂಡರ್ ಬದಲಿಸಬೇಕಿತ್ತು. ನನ್ನ ಮುಖದ ಮೇಲೆ ಏನೂ ಇರಲಿಲ್ಲ. ನನ್ನ ಮಾಸ್ಕು ಯಾರದೋ ಕಾಲಡಿ ಸಿಕ್ಕಿ ರಕ್ತ, ಗ್ಲೂಕೋಸಿನಲ್ಲಿ ನೆಂದು ಬಿದ್ದಿತ್ತು. ದುಪಟ್ಟಾ ಸುತ್ತಿಕೊಂಡೆ. ಸ್ಟೋರಿನ ಬೀಗದ ಕೈಗೆಂದು ಮ್ಯಾನೇಜರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಅಕ್ಕ ಸಿಲಿಂಡರ್ ಬಿಗಿಯುವ ದಪ್ಪ ಸ್ಪ್ಯಾನರನ್ನು ಎಡಗೈಗೆ ತೆಗೆದುಕೊಂಡರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಬೇರೆಯವರದ್ದೇ ಅನ್ನುವಂತೆ ಜೋತಾಡುತ್ತಿತ್ತು. ಸ್ಟೋರ್ ರೂಮಿನ ಬೀಗಕ್ಕೆ ಹೊಡೆದರು. ಹೊಡೆದರು, ಹೊಡೆದರು, ಒಂದೊಂದು ಏಟಿಗೂ ಗಂಟಲಿನಿಂದ ನರಳಿಕೆ ಬರುತ್ತಿತ್ತು, ನಿಲ್ಲಿಸಲಿಲ್ಲ. ಬೀಗ ಬರಲಿಲ್ಲ, ಚಿಲಕದ ಕೊಂಡಿಯೇ ಕಿತ್ತು ಬಂತು.

ಒಳಗೆ ಹೊಸ ಎನ್-95 ಪೆಟ್ಟಿಗೆಗಳು ಗೋಡೆಗೆ ಒರಗಿಕೊಂಡು ನಿಂತಿದ್ದವು. ಪಕ್ಕದಲ್ಲಿ ಪ್ಲಾಸ್ಟಿಕ್ಕೂ ಒಡೆಯದ ಪಿಪಿಇ ಕಿಟ್ಟುಗಳು.

ಅಕ್ಕ ಅದನ್ನು ನೋಡಿ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಏಟು ತಿಂದಾಗ ಅಳದವರು ಆಗ ಅತ್ತರು. "ಇಟ್ಕಂಡೇ ಇಲ್ಲ ಅಂದ್ನಲ್ಲವ್ವಾ. ಇಷ್ಟ್ ದಿನವೂ ಇಟ್ಕಂಡೇ ಇಲ್ಲ ಅಂದ್ನಲ್ಲ" ಎಂದು ಅದನ್ನೇ ಹೇಳಿದರು.

ಹೊಸ ಮಾಸ್ಕು ಕಟ್ಟಿಕೊಂಡು ಸಿಲಿಂಡರ್ ಬದಲಿಸಿದೆವು. ಪೊಲೀಸರು ಸಂಜೆ ಬಂದರು. ಮ್ಯಾನೇಜರೂ ಬಂದರು. ಮೊದಲ ಕಂಪ್ಲೇಂಟು ಬರೆಸಿದ್ದು ಬೀಗದ ಬಗ್ಗೆ.

ಐದನೇ ದಿನ ನನಗೆ ಜ್ವರ ಬಂತು. ಸೊಂಟವನ್ನು ಯಾರೋ ಒನಕೆಯಿಂದ ಕುಟ್ಟಿದಂತಿತ್ತು. ಏಟಿನ ನೋವು ಯಾವುದು, ಜ್ವರದ ನೋವು ಯಾವುದು ಎಂದು ಬಿಡಿಸಲಾಗುತ್ತಿರಲಿಲ್ಲ. ಮಗಳು ಸಿಂಚನಳನ್ನು ಮಹೇಶ ಆ ದಿನವೇ ಹೆಮ್ಮರಗಾಲಕ್ಕೆ ಅತ್ತೆಯ ಬಳಿ ಬಿಟ್ಟು ಬಂದರು. ಹೊರಡುವ ಮುನ್ನ ಅವಳು ಬಾಗಿಲ ಆಚೆ ನಿಂತು, "ಅಮ್ಮ, ನೀನು ಯಾರ್ಗೂ ಹೊಡೀಲಿಲ್ವಾ?" ಎಂದು ಕೇಳಿದಳು. ಒಂಬತ್ತು ವರ್ಷದ ಹುಡುಗಿ. ಶಾಲೆಯಲ್ಲಿ ಯಾರಾದರೂ ಹೊಡೆದರೆ ನೀನೂ ಒಂದು ಕೊಡು ಎಂದು ನಾನೇ ಹೇಳಿಕೊಟ್ಟಿದ್ದೆ. ಇಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು.

ಮೂಗೂರಿನಿಂದ ನನ್ನವ್ವ ಫೋನ್ ಮಾಡಿದಳು. ಬಹಳ ಹೊತ್ತು ಜ್ವರದ ವಿಷಯವನ್ನೇ ಕೇಳಿ, ಕೊನೆಗೆ ತಡೆಯಲಾರದೆ, "ಮಗಾ, ಊರಲ್ಲಿ ಏನೇನೋ ಅಂತಾವ್ರೆ. ಗುರುಮಲ್ಲಪ್ಪುನ್ ಗಾಳಿ ಕಿತ್ತು ಇನ್ನೊಬ್ರಿಗೆ ಇಕ್ಕುದ್ಲಂತೆ ಅಂತಾವ್ರೆ. ಸುಳ್ಳು ತಾನೆ?" ಎಂದಳು.

ಆ ತಿರುಗಣೆ ನನ್ನ ಕೈಯಲ್ಲೇ ಇತ್ತಲ್ಲ. ಒಂಬತ್ತು ಜನರನ್ನು ಉಳಿಸಲು ಹತ್ತು ಜನರಿಂದಲೂ ಸ್ವಲ್ಪ ಸ್ವಲ್ಪ ಕಿತ್ತವಳು ನಾನೇ. ಕೆಮ್ಮು ಬಂತು ಎಂದು ಫೋನ್ ಇಟ್ಟೆ. ಕೆಮ್ಮು ನಿಜವಾಗಿಯೂ ಬಂದಿತ್ತು, ಆಮೇಲೆ ನಿಲ್ಲಲಿಲ್ಲ.

ಉಸಿರು ಎಳೆಯಲಾಗದ ದಿನ ಮಹೇಶ ನನ್ನದೇ ನರ್ಸಿಂಗ್ ಹೋಮಿಗೆ ಕೇಳಿದರು. ಬೆಡ್ ಇಲ್ಲ ಎಂದರು. ಲಗೇಜ್ ಆಟೋದ ಹಿಂದೆ ಹಾಸಿಗೆ ಹಾಸಿ, ನನ್ನನ್ನು ಬೋರಲು ಮಲಗಿಸಿ, ಹಗ್ಗ ಕಟ್ಟಿ, ಮೇಲೆ ಟಾರ್ಪಾಲು ಹಾಕಿದರು. ಈರುಳ್ಳಿ ಸಿಪ್ಪೆ ಇನ್ನೂ ಮೂಲೆಯಲ್ಲಿತ್ತು. ಅದರ ವಾಸನೆ ನನಗೆ ಗೊತ್ತಾಗುತ್ತಿರಲಿಲ್ಲ. ನಂಜನಗೂಡಿನಲ್ಲಿ ಮೂರು ಕಡೆ ಸುತ್ತಿ, ಕೊನೆಗೆ ಯಾರೋ ಹೇಳಿದರೆಂದು ನರಸೀಪುರದ ಒಂದು ಆಸ್ಪತ್ರೆಗೆ ಬಂದೆವು. ಗೇಟಿನ ಹೊರಗೆ ನಮ್ಮಂಥ ಗಾಡಿಗಳ ಸಾಲು. ಕಾರು, ಟ್ರ್ಯಾಕ್ಟರು, ಒಂದು ಎತ್ತಿನಗಾಡಿ. ಬೆಡ್ ಖಾಲಿಯಾಗಬೇಕೆಂದರೆ ಒಳಗೆ ಯಾರಾದರೂ ಗುಣವಾಗಬೇಕು, ಇಲ್ಲ ಸಾಯಬೇಕು. ಪ್ರತಿ ಸಲ ಒಳಗಿನಿಂದ ಅಳು ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ತಲೆ ಎತ್ತುತ್ತಿದ್ದರು. ನಾನೂ ಎತ್ತಿದೆ. ಆ ಕ್ಷಣ ನನ್ನೊಳಗೆ ಎದ್ದ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಆ ಸಾಲಿನಲ್ಲಿದ್ದವರು ಓದುತ್ತಿರಬಹುದು, ತಮ್ಮೊಬ್ಬರಿಗೇ ಹಾಗನ್ನಿಸಿತು ಎಂದು ಅವರು ಕೊರಗುವುದು ಬೇಡ.

ಪಕ್ಕದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿದ್ದ ಮುದುಕಿಯೊಬ್ಬಳು ತನ್ನ ಬೀಸಣಿಗೆಯನ್ನು ಮಹೇಶನ ಕಡೆ ನೀಡಿದಳು. "ತಕಪ್ಪ, ನಿನ್ ಎಂಡ್ರುಗೆ ಬೀಸು. ನಮ್ಮೋನ್ಗೆ ಇನ್ ಬ್ಯಾಡ." ಅವಳ ಗಂಡನ ಮುಖದ ಮೇಲೆ ಆಗಲೇ ಪಂಚೆ ಎಳೆದಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ನನಗೆ ಬೆಡ್ ಸಿಕ್ಕಿತು.

ಬೈಪ್ಯಾಪ್ ಎಂಬ ಯಂತ್ರವನ್ನು ನಾನು ಎಷ್ಟೋ ಜನರಿಗೆ ಹಾಕಿದ್ದೇನೆ. ಮುಖಕ್ಕೆ ರಬ್ಬರಿನ ಮುಸುಕು ಬಿಗಿದು, ಗಾಳಿಯನ್ನು ಒತ್ತಡದಿಂದ ಶ್ವಾಸಕೋಶಕ್ಕೆ ನುಗ್ಗಿಸುತ್ತದೆ. "ಸ್ವಲ್ಪ ಸಹಿಸ್ಕೊಳ್ಳಿ ಅಜ್ಜಿ, ಏನಾಗಲ್ಲ" ಎನ್ನುತ್ತಿದ್ದೆ. ಏನಾಗುತ್ತದೆ ಎಂದು ಆಗ ತಿಳಿಯಿತು. ಓಡುವ ಬಸ್ಸಿನ ಕಿಟಕಿಯಿಂದ ತಲೆ ಹೊರಗಿಟ್ಟು, ಯಾರೋ ಹಿಂದಿನಿಂದ ಕತ್ತು ಹಿಸುಕಿದ ಹಾಗೆ. ನಾವು ಉಸಿರು ಬಿಡುವ ಮೊದಲೇ ಅದು ಒಳಗೆ ನೂಕುತ್ತದೆ. ಕೂಗಿದರೆ ಕೂಗನ್ನೂ ಒಳಕ್ಕೇ ತಳ್ಳುತ್ತದೆ. ಮೂಗಿನ ದಿಂಡಿನ ಚರ್ಮ ಕಿತ್ತು ಹುಣ್ಣಾಯಿತು. ಹೊಟ್ಟೆಗೆ ಗಾಳಿ ತುಂಬಿ ವಾಂತಿ ಬಂದರೆ ಮುಸುಕಿನೊಳಗೇ.

ಎರಡೋ ಮೂರೋ ದಿನ ಕಳೆದ ಮೇಲೆ ನನ್ನ ಬುದ್ಧಿ ಕೆಟ್ಟಿತು. ಛಾವಣಿಯ ಫ್ಯಾನಿನ ಹತ್ತಿರ ಗುರುಮಲ್ಲಪ್ಪ ಕಾಲು ಒದೆಯುತ್ತಿದ್ದರು. ನನ್ನ ಕಡೆ ಬರುವ ಪ್ರತಿ ಕೈಯೂ ನಂಜುಂಡನ ಕೈ. ಒಂದು ಬೆಳಿಗ್ಗೆ ಒಂದು ಕೈ ನನ್ನ ಮುಖಕ್ಕೆ ಬಂತು, ಮುಸುಕು ಸರಿಸಿ ದವಡೆ ಹಿಡಿಯಿತು. ಕುಡಿ, ಕುಡಿ ಎಂದು ಯಾರೋ ಹೇಳುತ್ತಿದ್ದರು. ಈ ಸಲ ನಾನು ಸುಮ್ಮನೆ ಬಿದ್ದಿರುವುದಿಲ್ಲ ಎಂದುಕೊಂಡೆ. ಎದೆಗೆ ಮೊಣಕಾಲಿನಿಂದ ಒದ್ದೆ. ಮುಖವನ್ನು ಉಗುರಿನಿಂದ ಗೀರಿದೆ. ಅವನ ಮುಖದ ಮೇಲಿದ್ದದ್ದನ್ನು ಹಿಡಿದು ಎಳೆದು ಕಿತ್ತೆ, ಅದು ಬಂದ ಮೇಲೂ ಹೊಡೆದೆ. ಹೊಡೆದಾಗ ನನಗೆ ಸುಖವಾಯಿತು. ಅದು ಸ್ಪಷ್ಟವಾಗಿ ನೆನಪಿದೆ. ಆಮೇಲೆ ಯಾರೋ ಬ್ಯಾಂಡೇಜ್ ಬಟ್ಟೆಯಿಂದ ನನ್ನ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು.

ಜ್ವರ ಇಳಿದು, ಯಂತ್ರ ತೆಗೆದು ಮೂಗಿಗೆ ಬರಿಯ ನಳಿಕೆ ಹಾಕಿದ ದಿನ ಒಬ್ಬ ಚಿಕ್ಕ ವಯಸ್ಸಿನ ನರ್ಸು ಗಂಜಿ ಕುಡಿಸಲು ಬಂದಳು. ಇಪ್ಪತ್ಮೂರು ಇಪ್ಪತ್ನಾಲ್ಕು ಇರಬೇಕು. ಹೆಸರು ಕಾವ್ಯ. ಅವಳ ಕೆನ್ನೆಯ ಮೇಲೆ ಕಣ್ಣಿನ ಕೆಳಗಿನಿಂದ ಮಾಸ್ಕಿನ ಒಳಗಿನವರೆಗೂ ಮೂರು ಗೀರು, ಒಣಗಿ ಕಪ್ಪಾಗಿದ್ದವು. ಮಾಸ್ಕಿನ ಎಲಾಸ್ಟಿಕ್ಕನ್ನು ಬಿಳಿ ದಾರದಿಂದ ಹೊಲಿದಿತ್ತು.

"ಏನಾಯ್ತು ಮುಖಕ್ಕೆ?" ಎಂದೆ.

ಅವಳು ಚಮಚ ಮುಂದೆ ಹಿಡಿದಳು. "ಏನಿಲ್ಲ ಅಕ್ಕ, ಕುಡೀರಿ."

ಕುಡಿಯಿರಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಅರ್ಥವಾಯಿತು. ಅವಳು ಅವತ್ತು ನನಗೆ ನೀರು ಕುಡಿಸಲು ಬಂದಿದ್ದಳು.

"ನಾನಾ?"

"ನಿಮಗೆ ಗೊತ್ತಿರ್ಲಿಲ್ಲ ಬಿಡಿ. ಆಕ್ಸಿಜನ್ ಸ್ಯಾಚುರೇಷನ್ ಎಪ್ಪತ್ತಕ್ಕಿಳಿದಿತ್ತು."

"ಮಾಸ್ಕ್ ಕಿತ್ತಾಕಿದ್ನಲ್ಲ, ಬೇರೆದು ಹಾಕ್ಕೊಳ್ಬಾರ್ದಾ?"

"ಸೋಮ್ವಾರ ಕೊಡ್ತಾರೆ ಅಕ್ಕ. ಅಲ್ಲೀಗಂಟ ಇದೇ."

ಅವಳು ಕಿತ್ತುಹೋದ ಮಾಸ್ಕನ್ನು ನೆಲದಿಂದ ಎತ್ತಿಕೊಂಡು, ದಾರ ಹಾಕಿ ಹೊಲಿದು, ಮತ್ತೆ ಅದನ್ನೇ ಕಟ್ಟಿಕೊಂಡು, ಹೊಡೆದ ನನ್ನ ಹತ್ತಿರಕ್ಕೇ ನೀರು ಹಿಡಿದುಕೊಂಡು ಬಂದಿದ್ದಳು. ನಾನು ಅವಳ ಕೈ ಹಿಡಿದು ಅಳುತ್ತಿದ್ದರೆ ಅವಳು, "ಅಳ್ಬೇಡಿ ಅಕ್ಕ, ಉಸಿರು ಕಟ್ಟತ್ತೆ. ಆಮೇಲೆ ನಾನೇ ಓಡಾಡ್ಬೇಕು" ಎಂದಳು.

ಆ ಸಂಜೆ ಮಹೇಶನಿಗೆ ಫೋನ್ ಮಾಡಿಸಿ ಒಂದೇ ಮಾತು ಹೇಳಿದೆ. ಪುಟ್ಟತಾಯಕ್ಕನ ಹತ್ತಿರ ಮಾಸ್ಕ್ ಇದ್ದರೆ ತರಬೇಕು ಎಂದು. ಅಕ್ಕ ಬೀಗ ಒಡೆದ ದಿನ ನಮಗೆಲ್ಲ ಹಂಚಿ, ಒಂದು ಪೆಟ್ಟಿಗೆಯನ್ನು ಮನೆಗೆ ಒಯ್ದಿದ್ದರೆಂದು ನಮ್ಮ ಹುಡುಗಿಯರಿಗಷ್ಟೇ ಗೊತ್ತಿತ್ತು. ಅವರನ್ನು ಅಷ್ಟರಲ್ಲಿ ಕೆಲಸದಿಂದ ತೆಗೆದಿದ್ದರು. ಕಳ್ಳತನದ ಕೇಸು ಹಾಕುತ್ತೇವೆ ಎಂದು ಮ್ಯಾನೇಜರ್ ಇನ್ನೂ ಹೆದರಿಸುತ್ತಿದ್ದರು. ಸಿಕ್ಕಿಬಿದ್ದರೆ ಅದೇ ಪೆಟ್ಟಿಗೆ ಸಾಕ್ಷಿ.

ಮಾರನೆಯ ದಿನ ಹನ್ನೊಂದು ಗಂಟೆಗೆ ಅಕ್ಕ ತಾವೇ ಬಂದರು. ಸೋಸಲೆಯಿಂದ ಮಹೇಶನ ಆಟೋದಲ್ಲಿ, ಬಲಗೈಗೆ ಪ್ಲಾಸ್ಟರು, ಎಡಗೈಯಲ್ಲಿ ತರಕಾರಿ ಚೀಲ. ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಚೀಲ ಏನೆಂದು ಕೇಳಿದನಂತೆ. "ನುಗ್ಗೆಸೊಪ್ಪು ಕಣಪ್ಪ, ಬಾಣಂತಿಗೆ" ಎಂದರಂತೆ. ಮೇಲೆ ನಿಜವಾಗಿಯೂ ಸೊಪ್ಪು ಇತ್ತು. ವಾರ್ಡಿನ ಬಾಗಿಲಿನ ಆಚೆಯಿಂದ ನನಗೆ ಅವರ ದನಿ ಮಾತ್ರ ಕೇಳಿಸಿತು.

"ಯಾರವ್ವ ಕಾವ್ಯ ಅಂದ್ರೆ? ತಕಾ. ಎಲ್ಲಾರೂ ಅಂಚ್ಕಳಿ. ಬೀಗ ಆಕಿ ಮಡೀಕಬ್ಯಾಡಿ, ತಿಳೀತಾ? ನಾಳೀಕೆ ಅಂತ ಉಳಿಸ್ಬ್ಯಾಡಿ. ಮೂತಿಗ್ ಆಕ್ಕಳಿ."

"ಯಾರ್ ಕಳ್ಸಿದ್ದು ಅಂತ ಬರ್ಕೊಳ್ಲಿ ಅಮ್ಮಾ?"

"ಬರೀಬ್ಯಾಡ ಕಣವ್ವ. ಕದ್ದ ಮಾಲು."

ಅಂದು ಮಧ್ಯಾಹ್ನದ ಔಷಧಿಗೆ ಬಂದ ಕಾವ್ಯಳ ಮುಖದ ಮೇಲೆ ಹೊಸ ಬಿಳಿ ಮಾಸ್ಕಿತ್ತು. ಮೂಗಿನ ಮೇಲೆ ಅದರ ಪಟ್ಟಿ ಸರಿಯಾಗಿ ಒತ್ತಿ ಕೂತಿತ್ತು. ನಾನು ಆಸ್ಪತ್ರೆಯಲ್ಲಿದ್ದ ಇಪ್ಪತ್ತು ಚಿಲ್ಲರೆ ದಿನಗಳಲ್ಲಿ ಅಷ್ಟು ಕಣ್ಣು ತುಂಬಿ ನೋಡಿದ್ದು ಬೇರೆ ಏನನ್ನೂ ಅಲ್ಲ.

ಮನೆಗೆ ಬಂದ ಮೇಲೂ ಆರು ತಿಂಗಳು ನಾನು ಮನುಷ್ಯಳಾಗಿರಲಿಲ್ಲ. ಕೂದಲು ಹಿಡಿಹಿಡಿಯಾಗಿ ಉದುರಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ಕೂರಬೇಕು. ಕುಕ್ಕರ್ ಸೀಟಿ ಹೊಡೆದರೆ ಸಿಲಿಂಡರ್ ಸೋರಿತೆಂದು ಎದ್ದು ಓಡುತ್ತಿದ್ದೆ. ಒಮ್ಮೆ ಮಹೇಶ ಹಿಂದಿನಿಂದ ಬಂದು ಹೆಗಲು ಮುಟ್ಟಿದಾಗ ಕೈಯಲ್ಲಿದ್ದ ಸೌಟಿನಿಂದ ಅವರ ತುಟಿ ಒಡೆಯುವ ಹಾಗೆ ಹೊಡೆದೆ. ಅವರು ತುಟಿ ಒರೆಸಿಕೊಂಡು, "ಇನ್ಮೇಲೆ ಕೂಗ್ಕಂಡೇ ಬತ್ತೀನಿ ಬುಡು" ಎಂದರು. ಅಂದಿನಿಂದ ಒಳಗೆ ಬರುವಾಗ ನನ್ನ ಹೆಸರು ಕೂಗಿಕೊಂಡೇ ಬರುತ್ತಾರೆ. ಅತ್ತೆ, ನರ್ಸ್ ಕೆಲಸ ಸಾಕು ಎಂದು ನಾನು ಹೇಳುತ್ತೇನೆಂದು ಕಾದರು. ನಾನು ಹೇಳಲಿಲ್ಲ. ಶ್ವಾಸಕೋಶದ ಕೆಳಭಾಗ ಗಟ್ಟಿಯಾಗಿ ಉಳಿದುಕೊಂಡಿದೆ, ಅದು ಸರಿಹೋಗುವುದಿಲ್ಲ. ಎರಡು ಮಹಡಿ ಹತ್ತಲಾರೆ. ಹಾಗಾಗಿ ಮಹಡಿ ಇಲ್ಲದ ಒಂದು ಕ್ಲಿನಿಕ್ಕಿನಲ್ಲಿ ಈಗ ಇಂಜೆಕ್ಷನ್ ಕೊಡುತ್ತೇನೆ. ಅಕ್ಕ ಸೋಸಲೆಯಲ್ಲಿ ಬಾಣಂತಿಯರನ್ನು ನೋಡಿಕೊಂಡಿದ್ದಾರೆ. ಅವರ ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ.

ಸ್ಟೋರ್ ರೂಮಿನ ವಿಷಯ ಹೊರಬೀಳಬಾರದೆಂದೋ ಏನೋ, ಬೀಗದ ಕಂಪ್ಲೇಂಟನ್ನು ನರ್ಸಿಂಗ್ ಹೋಮಿನವರು ವಾಪಸ್ ತೆಗೆದುಕೊಂಡರು. ಹಲ್ಲೆಯ ಕೇಸು ನಡೆಯಿತು. ಎರಡು ವರ್ಷಗಳ ಮೇಲೆ ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂತು.

ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಮಹೇಶ ನೀರು ತರಲು ಹೋಗಿದ್ದರು. ಕಂಬದ ಹತ್ತಿರ ನಿಂತಿದ್ದ ನಂಜುಂಡನನ್ನು ನಾನು ಮೊದಲು ಗುರುತಿಸಲಿಲ್ಲ, ಅಷ್ಟು ಸೊರಗಿಹೋಗಿದ್ದ. ಅವನು ನನ್ನ ಕಡೆ ನಡೆದು ಬಂದಾಗ ನನ್ನ ಮೈ ತಾನಾಗಿಯೇ ಎದ್ದು ಗೋಡೆಗೆ ಅಂಟಿಕೊಂಡಿತು. ಎರಡೂ ಕೈ ಮುಖಕ್ಕೆ ಅಡ್ಡ ಬಂದವು. ಅವನು ಅಲ್ಲೇ ನಿಂತ.

"ಒಡ್ಯಾಕೆ ಬತ್ತಿಲ್ಲ ಕಣಕ್ಕ. ಒಂದ್ ಮಾತ್ ಕೇಳ್ಬೇಕಿತ್ತು."

ನಾನು ನಿಧಾನಕ್ಕೆ ಕೈ ಇಳಿಸಿದೆ.

"ನಮ್ಮಣ್ಣುನ್ ತಾವ ಕೊನೇಲಿ ಇದ್ದೋಳು ನೀನೇ ಅಂತೆ. ಏನಾರ ಅಂದ್ನಾ?"

ಎರಡು ವರ್ಷ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಪೊಲೀಸರೂ ಕೇಳಲಿಲ್ಲ, ವಕೀಲರೂ ಕೇಳಲಿಲ್ಲ.

"ಅಂದ್ರು" ಎಂದೆ. "ನಂಜುಂಡ ಉಂಡ್ನಾ ಕೇಳು ಅಂದ್ರು."

ಅವನು ನನ್ನ ಬಾಯನ್ನೇ ನೋಡುತ್ತಿದ್ದ. "ನೀನೇನಂದೆ?"

"ಉಂಡವ್ನೆ ಅಂದೆ. ನಾನ್ ಕೆಳೀಕ್ ಬಂದು ನೋಡಿರ್ನಿಲ್ಲ. ಸುಳ್ಳೇಳ್ದೆ."

ನಂಜುಂಡ ಕಂಬ ಹಿಡಿದುಕೊಂಡು ಕುಕ್ಕರಿಸಿದ. "ಉಂಡಿರ್ನಿಲ್ಲ ಕಣಕ್ಕ. ಎಲ್ಡ್ ದಿನ ಆಗಿತ್ತು" ಎಂದು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಆ ಹಸಿದ ಹೊಟ್ಟೆಯಲ್ಲೇ ಅವನು ಮೆಟ್ಟಿಲು ಹತ್ತಿ ಬಂದಿದ್ದ. ಟವೆಲ್ ಬಾಯಿಂದ ತೆಗೆದು, "ತಪ್ಪಾಯ್ತು" ಎಂದ.

ನಾನೂ ಒಬ್ಬಳ ಮಾಸ್ಕ್ ಕಿತ್ತಿದ್ದೇನೆ ಎಂಬ ಮಾತು ನಾಲಿಗೆಯವರೆಗೂ ಬಂತು. ಹೇಳಲಿಲ್ಲ. ನನಗೆ ಜ್ವರ ನೆತ್ತಿಗೇರಿತ್ತು, ಅವನಿಗೆ ದುಃಖ. ಎರಡೂ ಒಂದೆಯೋ ಬೇರೆ ಬೇರೆಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಕಾವ್ಯ ನನ್ನನ್ನು ಕ್ಷಮಿಸಿದಷ್ಟು ಸುಲಭವಾಗಿ ಅವನನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ. ಮಹೇಶ ತಂದ ನೀರಿನ ಬಾಟಲಿಯನ್ನು ಅವನ ಮುಂದೆ ನೆಲದ ಮೇಲಿಟ್ಟೆ, ಕೈಗೆ ಕೊಡಲಿಲ್ಲ.

ಒಳಗಿನಿಂದ ನಮ್ಮ ಕೇಸನ್ನು ಕೂಗಿದರು. ಅವನು ಕಣ್ಣೊರೆಸಿಕೊಂಡು ಎದ್ದು ಹೋಗಿ ಆರೋಪಿಗಳ ಜಾಗದಲ್ಲಿ ನಿಂತ. ಹೊಡೆದವರು ಇಲ್ಲಿದ್ದರೆ ತೋರಿಸಿ ಎಂದು ಸರ್ಕಾರಿ ವಕೀಲರು ಕೇಳಿದರು. ನಾನು ಕೈ ಎತ್ತಿ ಅವನ ಕಡೆ ತೋರಿಸಿ, ಇವನೇ ಎಂದೆ. ಅವನು ತಲೆ ಬಗ್ಗಿಸಲಿಲ್ಲ, ನನ್ನನ್ನು ನೋಡುತ್ತಲೇ ನಿಂತಿದ್ದ.

"ಇನ್ನೇನಾದರೂ ಹೇಳುವುದಿದೆಯಾ?" ಎಂದು ನ್ಯಾಯಾಧೀಶರು ಕೇಳಿದರು. ಸುಮ್ಮನೆ ರೂಢಿಯ ಪ್ರಶ್ನೆ. ನನ್ನನ್ನು ಕಳಿಸಿಕೊಡಲು ಗುಮಾಸ್ತರು ಆಗಲೇ ಬಾಗಿಲ ಕಡೆ ಕೈ ತೋರಿಸುತ್ತಿದ್ದರು.

ಇದೆ ಸ್ವಾಮಿ ಎಂದೆ. ಬೀಗ ಹಾಕಿದ್ದ ಕೋಣೆಯ ವಿಷಯ, ಗೋಡೆಗೊರಗಿಸಿದ್ದ ಪೆಟ್ಟಿಗೆಗಳ ವಿಷಯ, ಅಕ್ಕ ಒಂದು ಕೈ ಮುರಿದಿದ್ದರೂ ಚಿಲಕ ಕಿತ್ತ ವಿಷಯ ಹೇಳಿದೆ. ನಡುವೆ ಎರಡು ಸಲ ಉಸಿರು ಸಾಲದೆ ಕಟಕಟೆ ಹಿಡಿದು ನಿಂತೆ. ಅದಕ್ಕೂ ಈ ಕೇಸಿಗೂ ಸಂಬಂಧವಿಲ್ಲ ಎಂದು ಒಬ್ಬ ವಕೀಲರು ಎದ್ದರು. ನ್ಯಾಯಾಧೀಶರು ಅವರಿಗೆ ಕೂರಲು ಸನ್ನೆ ಮಾಡಿ, ಟೈಪ್ ಮಾಡುವ ಹೆಣ್ಣುಮಗಳ ಕಡೆ ತಿರುಗಿ, "ಅವರು ಹೇಳುವುದನ್ನೆಲ್ಲ ಬರೆದುಕೊಳ್ಳಿ" ಎಂದರು.

ನಾನು ಮೊದಲಿನಿಂದ ಮತ್ತೆ, ನಿಧಾನವಾಗಿ ಹೇಳಿದೆ.